ನಿನಗ್ಯಾಕ ಸ್ಕ್ರೀನು?

ಹಾರಿಕಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆಂಧ್ರದ ಗಡಿಯ ಕೌತಾಳಂ ಮಂಡಲದ ಅವಳ ಊರಿನಲ್ಲಿ ಇದು ಎಲ್ಲರಿಗೂ ಗೊತ್ತು, ಅವಳಿಗೆ ಸಿಟ್ಟು ಜಾಸ್ತಿ ಅನ್ನುವುದು ಗೊತ್ತಿರುವ ಹಾಗೆ. "ಯರ್ರೆಪ್ಪನ ಟಗರು ಹಾಯೋದು ಕಮ್ಮಿ, ಮಗಳು ಹಾಯೋದು ಜಾಸ್ತಿ" ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ಅಪ್ಪ ಯರ್ರೆಪ್ಪ ಕುರಿ ಹೊಡೆದುಕೊಂಡು ವರ್ಷದಲ್ಲಿ ಅರ್ಧ ಕಾಲ ಊರ ಹೊರಗೇ ಇರುವವನು. ಮನೆಯಲ್ಲಿ ತಾಯಿ ಉಚ್ಚಮ್ಮ, ಮಗಳು, ಇಬ್ಬರೇ.

ಆ ವರ್ಷ ಹಾರಿಕಾ ಆದೋನಿಯ ಒಂದು ಕಾಲೇಜಿನಲ್ಲಿ ಬಿ.ಎಡ್. ಸೇರಿದ್ದಳು. ಡಿಗ್ರಿಯನ್ನು ಫೋನಿನಲ್ಲೇ ಮುಗಿಸಿದ್ದಳು. ಫೋನು ಪಾಠ ಓದಿ ಹೇಳುತ್ತಿತ್ತು, ಅವಳು ಕೇಳುತ್ತಿದ್ದಳು. ಬಿ.ಎಡ್. ಬಂದ ಮೇಲೆ ಅದು ಸಾಲದಾಯಿತು. ಪಾಠ ಯೋಜನೆಗಳನ್ನು ಚೌಕಗಳಿರುವ ಕೋಷ್ಟಕದಲ್ಲಿ ಟೈಪ್ ಮಾಡಿ ಕೊಡಬೇಕು. ಇನ್ನು ಸಂಜೆಯಾದರೆ ಊರವರು ಬಾಗಿಲಿಗೆ ಬರುತ್ತಿದ್ದರು. ಪಿಂಚಣಿ ನಿಂತವರು, ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾದವರು. ಕನ್ನಡದಲ್ಲಿ ಅವರು ಹೇಳಿಕೊಂಡದ್ದನ್ನು ಹಾರಿಕಾ ಆಫೀಸಿನವರಿಗೆ ತಿಳಿಯುವ ತೆಲುಗಿನಲ್ಲಿ ಅರ್ಜಿ ಮಾಡಿಕೊಡುತ್ತಿದ್ದಳು. ಫೋನಿಗೆ ಬಾಯಲ್ಲಿ ಹೇಳಿದರೆ ಅದು 'ಸುಂಕಲಮ್ಮ' ಅನ್ನುವ ಹೆಸರನ್ನು ಏನೇನೋ ಬರೆಯುತ್ತಿತ್ತು. ಒಂದು ಅರ್ಜಿ ಹಾಗೆ ವಾಪಸ್ಸೂ ಬಂದಿತ್ತು.

"ಅವ್ವಾ, ಲ್ಯಾಪ್‌ಟಾಪ್ ತಗೋತೀನಿ," ಅಂದಳು. ಕೂಡಿಟ್ಟ ವಿದ್ಯಾರ್ಥಿವೇತನ ಇತ್ತು, ಅಪ್ಪ ಉಳಿದದ್ದನ್ನು ಸೇರಿಸಿದ.

ಕೊಡಿಸಲು ಜೊತೆಗೆ ಬಂದವನು ಮಾಮ ಲಕ್ಷ್ಮಿಕಾಂತ್, ಉಚ್ಚಮ್ಮನ ತಮ್ಮ. ಆದೋನಿಯಲ್ಲೇ ಇದ್ದು ಮೊಬೈಲ್ ಟವರಿನ ಕೆಲಸ ಮಾಡಿಸುತ್ತಿದ್ದ. ಹಾರಿಕಾ ಚಿಕ್ಕವಳಿದ್ದಾಗ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು, ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಹೇಳುತ್ತ ಶಾಲೆಗೆ ಬಿಟ್ಟವನು ಅವನೇ. "ಎಡಕ್ಕ ಹತ್ತಿ ಹೊಲ, ಬಲಕ್ಕ ಒಂದು ಕತ್ತೆ ನಿಂತೈತಿ, ನಿನ್ನಂಗ ಹಟಮಾರಿ," ಎನ್ನುತ್ತಿದ್ದ. ಅವನ ಮೇಲೆ ಅವಳಿಗೆ ಬಹಳ ನಂಬಿಕೆ.

ಅಂಗಡಿ ವಾಗೀಶನದು. ಹತ್ತಿ ವ್ಯಾಪಾರದ ಮನೆತನ, ಇವನು ಮಾತ್ರ ಕಂಪ್ಯೂಟರ್ ಅಂಗಡಿ ತೆರೆದಿದ್ದ. ಬಿಳಿ ಕೋಲು ಹಿಡಿದ ಹುಡುಗಿ ಒಳಗೆ ಬಂದದ್ದು ನೋಡಿ ಅವನು ಲಕ್ಷ್ಮಿಕಾಂತನನ್ನು ಕೇಳಿದ:

"ಯಾರಿಗೆ ಅಣ್ಣಾ ಲ್ಯಾಪ್‌ಟಾಪು?"

"ನಮ್ಮ ಹುಡುಗಿಗೆ."

"ಯಾವ ಹುಡುಗಿ?"

"ಇಲ್ಲೇ ನಿಂತೀನಲ್ರಿ, ನನಗ," ಅಂದಳು ಹಾರಿಕಾ.

ವಾಗೀಶ ದನಿ ಇಳಿಸಿ, ಅವಳಿಗೆ ಕೇಳಿಸುವುದೂ ಇಲ್ಲ ಅನ್ನುವಂತೆ, ತೆಲುಗಿನಲ್ಲಿ, "ಪಾಪಂ, ಅಮ್ಮಾಯಿಕಿ ಕನಪಡದು ಕದಾ?" ಎಂದು ಲಕ್ಷ್ಮಿಕಾಂತನನ್ನು ಕೇಳಿದ. ಪಾಪ, ಹುಡುಗಿಗೆ ಕಾಣುವುದಿಲ್ಲ ಅಲ್ಲವೇ.

"ಕನಪಡದು. ಕಾನಿ ವಿನಪಡುತುಂದಿ," ಎಂದು ಹಾರಿಕಾ ತೆಲುಗಿನಲ್ಲೇ ತಿರುಗಿಸಿ ಕೊಟ್ಟಳು. ಕಾಣುವುದಿಲ್ಲ, ಆದರೆ ಕಿವಿ ಕೇಳಿಸುತ್ತದೆ.

ಅಷ್ಟಾದರೂ ವಾಗೀಶ ಮಾತಾಡಿದ್ದು ಮಾಮನ ಜೊತೆಗೇ. ದೊಡ್ಡದೊಂದು ಲ್ಯಾಪ್‌ಟಾಪ್ ತೆಗೆದಿಟ್ಟು, "ಇದರ ಕಲರ್ ನೋಡ್ರಿ ಅಣ್ಣಾ, ಸಿನಿಮಾ ಹಾಲು ಇದರ ಮುಂದ ಏನೂ ಅಲ್ಲ," ಅಂದ. ಇನ್ನೊಂದನ್ನು ತೆಗೆದ. "ಇದು ಟಚ್ ಸ್ಕ್ರೀನು." ಹಾರಿಕಾ ಎಷ್ಟು ತೂಕ ಎಂದು ಕೇಳಿದಳು. ಅವನು ನಕ್ಕ. "ಇದೇನು ಹತ್ತಿ ಅಂಡಿಗಿ ಏನಮ್ಮಾ, ತೂಕ ಕೇಳಾಕ?"

"ಹೊರೋದು ನಾನು. ಬಸ್ಸಿನಾಗ ನಿಂತು ಬರಾಕಿ. ಒಂದು ಕೈಯಾಗ ಕೋಲು ಇರ್ತದ."

ಅವಳು ಕುರ್ಚಿ ಕೇಳಿ ಪಡೆದು ಕೂತಳು. ಒಂದೊಂದನ್ನೇ ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಬೆರಳು ಊರುವ ಎರಡು ಗುಂಡಿಗಳ ಮೇಲೆ ಸಣ್ಣ ಉಬ್ಬು ಇರುತ್ತದಲ್ಲ, ಅದು ಚೆನ್ನಾಗಿ ತಾಕಬೇಕು. ಅಳಿಸುವ ಗುಂಡಿಯ ಪಕ್ಕದಲ್ಲೇ ಆಫ್ ಮಾಡುವ ಗುಂಡಿ ಇರಬಾರದು, ಅರ್ಧ ಪಾಠದಲ್ಲಿ ಯಂತ್ರ ಮಲಗಿಬಿಡುತ್ತದೆ. ಇಯರ್‌ಫೋನಿನ ತೂತು ಎಡಕ್ಕಿದ್ದರೆ ಒಳ್ಳೆಯದು. ಕರೆಂಟು ಹೋದರೂ ಸಂಜೆಯ ಅರ್ಜಿಗಳು ಮುಗಿಯುವಷ್ಟು ಬ್ಯಾಟರಿ ಬೇಕು. ಸ್ಪೀಕರು ಕೆಳಗಿದ್ದರೆ ತೊಡೆಯ ಮೇಲೆ ಇಟ್ಟಾಗ ದನಿ ಸೀರೆಯೊಳಗೆ ಮುಚ್ಚಿಹೋಗುತ್ತದೆ. ಇವನ್ನೆಲ್ಲ ಅವಳು ತನ್ನಂಥ ಹಿರಿಯ ವಿದ್ಯಾರ್ಥಿಗಳ ಜೊತೆ ಫೋನಿನಲ್ಲಿ ಮಾತಾಡಿ, ಯೋಚಿಸಿ ಇಟ್ಟುಕೊಂಡಿದ್ದಳು. ವಾಗೀಶ ಮಾತ್ರ ನಡುನಡುವೆ, "ಮೆಲ್ಲಕಮ್ಮಾ, ಗೀರು ಬೀಳ್ತದ," ಅನ್ನುತ್ತಿದ್ದ. ಪಕ್ಕದಲ್ಲಿ ಇನ್ಯಾರೋ ಹುಡುಗರು ದಬದಬ ಗುಂಡಿ ಕುಟ್ಟುತ್ತಿದ್ದರು, ಅವರಿಗೆ ಏನೂ ಅನ್ನಲಿಲ್ಲ.

ಕಡೆಗೆ ಒಂದು ಸಿಕ್ಕಿತು. ಹಗುರ, ಚಿಕ್ಕದು. ಅವಳು ಮೂರು ಗುಂಡಿ ಒಟ್ಟಿಗೆ ಒತ್ತಿದಳು. ಯಂತ್ರ ತಟ್ಟನೆ ಮಾತಾಡಲು ಶುರು ಮಾಡಿತು. ಅಂಗಡಿಯವರೆಲ್ಲ ತಿರುಗಿ ನೋಡಿದರಂತೆ. ತಾವು ಮಾರುವ ಪ್ರತಿ ಯಂತ್ರದೊಳಗೂ ಈ ಓದಿ ಹೇಳುವ ದನಿ ಇದೆ ಎಂದು ವಾಗೀಶನಿಗೇ ಗೊತ್ತಿರಲಿಲ್ಲ.

"ಇದೇ ಮಾದರಿ ಕೊಡ್ರಿ. ಹೊಸ ಡಬ್ಬಿ," ಅಂದಳು ಹಾರಿಕಾ.

"ಹೊಸ ಪೀಸು ಗೋದಾಮಿನ್ಯಾಗ ಐತಿ. ಎಲ್ಲ ಸೆಟಪ್ ಮಾಡಿ ಇಡ್ತೀನಿ. ನಾಳಿ ಅಣ್ಣ ಒಯ್ಯಲಿ," ಅಂದ ವಾಗೀಶ.

"ಸೆಟಪ್ ನಾನೇ ಮಾಡ್ಕೋತೀನಿ."

"ಅಯ್ಯ, ನಿನಗ ಹೆಂಗ ಬರ್ತದಮ್ಮಾ? ಫ್ರೀ ಮಾಡಿಕೊಡ್ತೀನಿ."

ಬಸ್ಸಿನ ಹೊತ್ತಾಗಿತ್ತು. ಮಾಮನೂ, "ನಾ ಅದೀನಲ್ಲ, ಹೋಗು ನೀನು," ಅಂದ. ಹಾರಿಕಾ ಪೂರ್ತಿ ಹಣ ಕಟ್ಟಿ ಹೊರಟಳು.

ಮರುದಿನ ಲಕ್ಷ್ಮಿಕಾಂತ್ ಮೋಟಾರ್‌ಸೈಕಲ್ಲಿನಲ್ಲಿ ತಂದುಕೊಟ್ಟ. ಡಬ್ಬಿ ಇರಲಿಲ್ಲ, ಬರೀ ಚೀಲ. "ಡಬ್ಬಿ ಗಾಡಿ ಮ್ಯಾಲ ಹಿಡಿಸೋದಿಲ್ಲ," ಅಂದ. ಅವತ್ತು ಅವನು ಖುಷಿಯಾಗಿದ್ದ. ಅವಳ ಕೈ ಹಿಡಿದು ತನ್ನ ಮಣಿಕಟ್ಟಿನ ಮೇಲಿಟ್ಟು, "ಮುಟ್ಟಿ ನೋಡು, ಹೊಸ ವಾಚು. ನಡೆದದ್ದು, ಮಲಗಿದ್ದು ಎಲ್ಲ ಹೇಳ್ತದ," ಅಂದ. ಅವಳು ಮುಟ್ಟಿ, "ಚೊಲೋ ಐತಿ ಮಾಮಾ," ಅಂದಳು. ಚಹಾ ಕುಡಿದು ಹೋದ.

ಉಚ್ಚಮ್ಮ ಕೈ ತೊಳೆದು ಬಂದು ಮಗಳ ಪಕ್ಕ ಕೂತಳು. ಲ್ಯಾಪ್‌ಟಾಪನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಅದೇ ಮೊದಲು. ಹಾರಿಕಾ ಗುಂಡಿ ಒತ್ತಿದಳು, ಯಂತ್ರ ಬೆಳಗಿತು.

"ಭಾಳ ಚಂದ ಐತವ್ವ. ಹಸಿರು ಅಂಚು ಬ್ಯಾರೆ ಕೊಟ್ಟಾರ."

"ಯಾವ ಅಂಚು?"

"ಇಲ್ಲಿ ನೋಡು, ಸೀರಿ ಅಂಚಿನಂಗ. ಮ್ಯಾಲಿಂದ ಕೆಳಗಿನ ತನಕ ಒಂದು ಹಸಿರು ಗೆರಿ."

ಹಾರಿಕಾಳ ಬೆರಳು ನಿಂತುಹೋಯಿತು. "ಎಲ್ಲೈತಿ? ನನ್ನ ಬಟ್ಟು ಇಟ್ಟು ತೋರಿಸು."

ತಾಯಿ ಅವಳ ಬೆರಳನ್ನು ಗಾಜಿನ ಮೇಲಿಟ್ಟು, ಮೇಲಿನಿಂದ ಕೆಳಗೆ ಎಳೆದಳು. ಅಂಚಿನಲ್ಲಿ ಅಲ್ಲ, ಬಲಗಡೆ, ಅಕ್ಷರಗಳ ನಡುವೆಯೇ ಹಾದುಹೋಗಿತ್ತು.

ಹಾರಿಕಾ ಕೀಲಿಮಣೆಯ ಮೇಲೆ ಕೈ ಆಡಿಸಿದಳು. ಅಂಗಡಿಯಲ್ಲಿ ಮುಟ್ಟಿದ್ದರ ಗುಂಡಿಗಳು ತುಸು ಒರಟಾಗಿದ್ದವು. ಇದರಲ್ಲಿ ಎಡಮೂಲೆಯ ಗುಂಡಿ, ಅದರ ಪಕ್ಕದ ಇನ್ನೆರಡು ಎಣ್ಣೆ ಸವರಿದ ಹಾಗೆ ನುಣುಪಾಗಿದ್ದವು. ಯಾರೋ ದಿನವಿಡೀ ಅವನ್ನೇ ಒತ್ತಿದ್ದಾರೆ. ಕೆಳಗೆ ತಿರುಗಿಸಿದಳು. ನಾಲ್ಕು ಮೂಲೆಯ ರಬ್ಬರು ಕಾಲಿನಲ್ಲಿ ಒಂದು ಕಿತ್ತುಹೋಗಿತ್ತು. ಮುಚ್ಚಳ ಸಡಿಲ.

ಅವಳು ಮಾಮನಿಗೆ ಫೋನ್ ಮಾಡಿದಳು. "ಮಾಮಾ, ಇದು ಹೊಸದಲ್ಲ. ಸ್ಕ್ರೀನಿನ್ಯಾಗ ಗೆರಿ ಐತಂತ."

"ಹಂಗೇನಿಲ್ಲ ಬಿಡು. ಕೆಲವು ಹಂಗೇ ಬರ್ತಾವ."

"ಹಸಿರು ಗೆರಿ ಹಂಗೇ ಬರ್ತದಾ?"

"ಹಾರಿಕಾ, ಮಾತು ಬರಾಬರ್ ಕೇಳಸ್ತದಿಲ್ಲೊ? ಗುಂಡಿ ಕೆಲಸ ಮಾಡ್ತಾವಿಲ್ಲೊ? ಮತ್ತ ನಿನಗ್ಯಾಕ ಸ್ಕ್ರೀನು?"

ಅವಳು ಫೋನ್ ಇಟ್ಟಳು. ಆ ಒಂದು ಮಾತು ಅವಳ ಎದೆಯಲ್ಲಿ ಕೆಂಡದ ಹಾಗೆ ಕೂತಿತು. ನಿನಗ್ಯಾಕ ಸ್ಕ್ರೀನು. ನಿನಗ್ಯಾಕ ಕನ್ನಡಿ, ನಿನಗ್ಯಾಕ ಬಣ್ಣದ ಲಂಗ, ಮನೆಯಲ್ಲಿ ನೀನೊಬ್ಬಳೇ ಇದ್ದರೆ ದೀಪ ಯಾಕೆ, ಇವನ್ನೆಲ್ಲ ಅವಳು ಚಿಕ್ಕಂದಿನಿಂದ ಬೇರೆಯವರ ಬಾಯಲ್ಲಿ ಕೇಳಿದ್ದಳು. ಮಾಮನ ಬಾಯಲ್ಲಿ ಕೇಳಿರಲಿಲ್ಲ.

"ಅವ್ವಾ, ನಾಳಿ ಆದೋನಿಗೆ ಹೋಗೋದೈತಿ. ನೀನೂ ಬಾ," ಅಂದಳು.

ಮರುದಿನ ಶ್ರಾವಣ ಸೋಮವಾರ. ಉರುಕುಂದ ಈರಣ್ಣನ ದರ್ಶನ ಮುಗಿಸಿ ವಾಪಸ್ಸಾಗುವವರಿಂದ ಬಸ್ಸು ತುಂಬಿ ತುಳುಕುತ್ತಿತ್ತು. ಹಾರಿಕಾ ಚೀಲವನ್ನು ಎದೆಗೆ ಅವುಚಿಕೊಂಡು ನಿಂತೇ ಬಂದಳು. ಯಾರೋ ಜಾಗ ಕೊಡಲು ಎದ್ದರು. "ಬ್ಯಾಡ್ರಿ, ಕೂತ್ರ ಸಿಟ್ಟು ಇಳೀತದ," ಅಂದಳು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಹಾರಿಕಾ ಯಂತ್ರವನ್ನು ಕೌಂಟರಿನ ಮೇಲಿಟ್ಟಳು. "ಇದು ನಾನು ಆರಿಸಿದ್ದಲ್ಲ. ಯಾರೋ ಬಳಸಿ ಬಿಟ್ಟದ್ದು. ಸ್ಕ್ರೀನು ಕೆಟ್ಟೈತಿ."

ವಾಗೀಶ ಯಂತ್ರ ತೆರೆದು ನೋಡಿದ. ಅವನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ ಎಂದು ಉಚ್ಚಮ್ಮ ಆಮೇಲೆ ಹೇಳಿದಳು. ಆದರೆ ಅವನು ಆಡಿದ ಮಾತು ಇದು: "ಬೀಳಿಸೀರಿ."

"ಏನು?"

"ಎಲ್ಲೋ ಬೀಳಿಸೀರಿ ಅಮ್ಮಾ. ಕೊಡೋವಾಗ ಬರಾಬರ್ ಇತ್ತು. ಕಾಣದವರ ಕೈಗೆ ಇಂಥ ನಾಜೂಕು ಸಾಮಾನು ಕೊಟ್ರ ಹಿಂಗ ಆಗೋದೇ. ನಾ ಅವತ್ತೇ ಅಣ್ಣಗ ಹೇಳಿದ್ನಿ."

ಗಿರಾಕಿಗಳಲ್ಲಿ ಒಬ್ಬ 'ಚ್ಚ್ ಚ್ಚ್' ಅಂದ. ಅದು ಹಾರಿಕಾಳ ಮೇಲಿನ ಕನಿಕರ. ಅಂದರೆ ಅವನೂ ನಂಬಿದ್ದ. ಅಷ್ಟು ಸುಲಭ ನೋಡಿ. ಕಣ್ಣು ಕಾಣದವಳು ಅಂದಮೇಲೆ ಬೀಳಿಸಿಯೇ ಇರುತ್ತಾಳೆ, ಸಾಕ್ಷಿ ಬೇಕಿಲ್ಲ, ವಿಚಾರಣೆ ಬೇಕಿಲ್ಲ. ಮನೆಯಲ್ಲಿ ಇಷ್ಟು ವರ್ಷದಲ್ಲಿ ಒಂದು ಗಾಜಿನ ಲೋಟ ಒಡೆಯದವಳು, ತುಂಬಿದ ಕೊಡ ಎತ್ತಿ ತರುವವಳು, ಅಲ್ಲಿ ನಿಂತು ಆ 'ಚ್ಚ್ ಚ್ಚ್' ಕೇಳಿಸಿಕೊಳ್ಳಬೇಕಾಯಿತು.

ಉಚ್ಚಮ್ಮನ ಕಣ್ಣು ತುಂಬಿತು. "ಏ ಅಪ್ಪಾ, ನನ್ನ ಮಗಳು ಬೀಳಿಸಿಲ್ಲ. ತಂದ ದಿನಾನೇ ಗೆರಿ ಇತ್ತು. ನಾನೇ ಅಂಚು ಅಂದ್ಕೊಂಡೆ."

"ನಿಮಗೇನು ಗೊತ್ತಾಗ್ತದಮ್ಮಾ ಇದರದ್ದು?" ಅಂದ ವಾಗೀಶ.

ಹಾರಿಕಾ ಅಳಲಿಲ್ಲ. ಯಂತ್ರವನ್ನು ತನ್ನ ಕಡೆ ತಿರುಗಿಸಿಕೊಂಡು ದನಿಯನ್ನು ಪೂರ್ತಿ ಏರಿಸಿ, ಮೂರು ಗುಂಡಿ ಒತ್ತಿದಳು. ಗುಂಡಿಗಳ ಸವಕಲನ್ನು ಎಲ್ಲರಿಗೂ ಮುಟ್ಟಿಸಿ ತೋರಿಸೋಣ, ಒಳಗೆ ಹಳೆಯದೇನಾದರೂ ಉಳಿದಿದ್ದರೆ ಓದಿಸೋಣ ಎಂದಷ್ಟೇ ಅವಳ ಮನಸ್ಸಿನಲ್ಲಿತ್ತು. ಅವಳು ಇನ್ನೂ ಏನೂ ಮಾಡಿರಲಿಲ್ಲ. ಯಂತ್ರ ತಾನಾಗಿಯೇ ತನ್ನ ಸಪ್ಪೆ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿತು: ಆದೆಪ್ಪ ಡಿಜಿಟಲ್ ಸ್ಟುಡಿಯೋ, ಕನೆಕ್ಟೆಡ್.

ಗಿರಾಕಿಗಳು ಯಂತ್ರದ ಕಡೆ ಬಗ್ಗಿದರು.

"ಈ ಆದೆಪ್ಪ ಯಾರು?" ಕೇಳಿದಳು ಹಾರಿಕಾ.

"ಮ್ಯಾಲಿನ ಫೋಟೋ ಸ್ಟುಡಿಯೋದಾತ," ಎಂದ ಒಬ್ಬ ಗಿರಾಕಿ. "ಇದೇ ಕಟ್ಟಡದ ಮ್ಯಾಲ."

"ಆತನ ವೈಫೈ ಪಾಸ್‌ವರ್ಡು ನನಗ ಗೊತ್ತಿಲ್ಲ. ನಮ್ಮವ್ವಗ ಗೊತ್ತಿಲ್ಲ. ಈ ಯಂತ್ರಕ್ಕ ಹೆಂಗ ಗೊತ್ತಾತು?" ಅಂದಳು ಹಾರಿಕಾ. ಅವಳ ದನಿ ಈಗ ಏರಿತ್ತು. "ಹೇಳ್ರಿ ವಾಗೀಶಣ್ಣಾ. ನಾನು ಬೀಳಿಸಿದಾಗ ಕಲಿತಿತೇನು?"

ವಾಗೀಶ ಯಂತ್ರ ಮುಚ್ಚಲು ಕೈ ಹಾಕಿದ. ಹಾರಿಕಾ ಮುಚ್ಚಳ ಹಿಡಿದುಕೊಂಡಳು. ಅಷ್ಟರಲ್ಲಿ ಉಚ್ಚಮ್ಮ ಹೊರಗೆ ಹೋಗಿ, ಮೆಟ್ಟಿಲ ಬುಡದಲ್ಲಿ ನಿಂತು, ಕುರಿ ಕರೆಯುವ ಗಂಟಲಿನಲ್ಲಿ, "ಆದೆಪ್ಪಾ! ಏ ಫೋಟೋದ ಆದೆಪ್ಪಾ! ಕೆಳಗ ಬಾರಪ್ಪಾ!" ಎಂದು ಕೂಗಿದ್ದಳು. ಬಜಾರಿನ ಅರ್ಧ ಜನ ಈ ಕಡೆ ತಿರುಗಿದರು.

ಆದೆಪ್ಪ ಇಳಿದು ಬಂದ, ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡೇ. ಯಂತ್ರ ನೋಡಿದವನೇ, "ಇದು ನಾ ವಾಪಸ್ ಕೊಟ್ಟ ಪೀಸಲ್ಲೇನು ವಾಗೀಶ?" ಅಂದ. "ಮದಿವಿ ಸೀಜನ್ ಪೂರ್ತಿ ಇದರ ಮ್ಯಾಲೇ ಫೋಟೋ ತಿದ್ದಿದ್ನಿ. ಗೆರಿ ಬಂತು ಅಂತ ಎಕ್ಸ್‌ಚೇಂಜ್ ಮಾಡಿದ್ನಿ. ರಿಪೇರಿಗೆ ಕಳಸ್ತೀನಿ ಅಂದಿದ್ದಿ. ಇವರಿಗೆ ಯಾಕ ಕೊಟ್ಟಿ?"

ವಾಗೀಶನ ಮುಖದಲ್ಲಿ ಏನಾಯಿತೋ, ಹಾರಿಕಾಗೆ ಕಾಣಲಿಲ್ಲ. ಅವನ ದನಿ ಮಾತ್ರ ಬದಲಾಯಿತು. ನಾಚಿಕೆಯ ದನಿಯಲ್ಲ, ಲೆಕ್ಕ ಬಿಡಿಸಿ ಹೇಳುವ ವ್ಯಾಪಾರಿಯ ದನಿ.

"ನೋಡಮ್ಮಾ, ಕದ್ದು ಕೊಟ್ಟಿಲ್ಲ. ನಿಮ್ಮ ಮಾಮಗ ಹೇಳೇ ಕೊಟ್ಟೀನಿ. ಸ್ಕ್ರೀನಿನ್ಯಾಗ ಗೆರಿ ಐತಿ, ಹುಡುಗಿಗೆ ಹೆಂಗೂ ಅದರ ಅಗತ್ಯ ಇಲ್ಲ, ನಡೀತದಾ ಅಂದ್ನಿ. ನಡೀತದ ಅಂದ. ಅದಕ್ಕೇ ಆತಗ ಒಂದು ಸ್ಮಾರ್ಟ್ ವಾಚು ಕೊಟ್ಟೀನಿ. ಬೇಕಾದ್ರ ಕೇಳು."

ಆ ವಾಚನ್ನು ಹಾರಿಕಾ ತಾನೇ ಮುಟ್ಟಿ ನೋಡಿ ಚೊಲೋ ಐತಿ ಎಂದಿದ್ದಳು. ಮಾಮನೇ ಅವಳ ಕೈ ಹಿಡಿದು ಮುಟ್ಟಿಸಿದ್ದ.

ಉಚ್ಚಮ್ಮ, "ನನ್ನ ತಮ್ಮ ಅಂಥಾವಲ್ಲ," ಎಂದು ಶುರು ಮಾಡಿ ಅಲ್ಲೇ ನಿಲ್ಲಿಸಿದಳು.

"ಸ್ಕ್ರೀನಿನ ಅಗತ್ಯ ಇಲ್ಲ ಅಂತ ಯಾರು ಹೇಳಿದ್ರು ನಿಮಗ?" ಎಂದಳು ಹಾರಿಕಾ. ನಿಧಾನಕ್ಕೆ, ಪ್ರತಿ ಮಾತೂ ಅಂಗಡಿಯ ಹಿಂದಿನ ಗೋಡೆ ತನಕ ಮುಟ್ಟುವ ಹಾಗೆ. "ನಾಳಿ ನಾ ಪಾಠ ಮಾಡೋ ಮಕ್ಕಳು ನೋಡ್ತಾರ. ನಮ್ಮ ಮೇಡಂ ನೋಡ್ತಾರ. ಅರ್ಜಿ ಬರೆಸಾಕ ಬಂದವರು ತಮ್ಮ ಹೆಸರು ಸರಿ ಬಿತ್ತಾ ಅಂತ ಬಗ್ಗಿ ನೋಡ್ತಾರ. ಅದೆಲ್ಲ ಇರ್ಲಿ. ಯಾರೂ ನೋಡದಿದ್ರೂ ಅದು ನಂದು. ನನ್ನ ಮನಿ ಗೋಡಿಗೆ ನಾ ಬಣ್ಣ ಹಚ್ಚಿಸ್ತೀನಿ, ನನಗ ಕಾಣೋದಿಲ್ಲ ಅಂತ ನೀವು ಬಂದು ಕೆರೀತೀರೇನು? ಸ್ಕ್ರೀನು ಸೇರಿಸಿ ಪೂರ್ತಿ ರೇಟು ನನ್ನ ಕಡೆ ತಗೊಂಡೀರಿ. ಕಣ್ಣಿಲ್ಲ ಅಂತ ಅದರಾಗ ಏನೂ ಬಿಡಲಿಲ್ಲ. ಮ್ಯಾಲ, ನಾನೇ ಬೀಳಿಸೀನಿ ಅಂತ ಜನರ ಮುಂದ ಅಂದ್ರಿ. ಮೊದಲು ಆ ಮಾತು ವಾಪಸ್ ತಗೋರಿ."

"ಆಯ್ತಮ್ಮಾ, ಬದಲಿ ಕೊಡ್ತೀನಿ, ಗದ್ದಲ ಬ್ಯಾಡ."

"ಮೊದಲು ಮಾತು."

ವಾಗೀಶ ಸುತ್ತ ನೋಡಿದ. 'ಚ್ಚ್ ಚ್ಚ್' ಎಂದಿದ್ದ ಗಿರಾಕಿ ತಾನು ಕೊಳ್ಳಲೆಂದು ತೆಗೆಸಿಟ್ಟಿದ್ದ ಪ್ರಿಂಟರನ್ನು ಮೆಲ್ಲಗೆ ಹಿಂದಕ್ಕೆ ಸರಿಸುತ್ತಿದ್ದ. ಆದೆಪ್ಪ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

"ಬೀಳಿಸಿಲ್ಲ," ಅಂದ ವಾಗೀಶ.

"ಯಾರು?"

"ನೀನು ಬೀಳಿಸಿಲ್ಲಮ್ಮಾ."

"ನೀವು."

"ನೀವು ಬೀಳಿಸಿಲ್ಲ."

ಹೊಸ ಯಂತ್ರ ಡಬ್ಬಿಯಲ್ಲೇ ಬಂತು. ಅಂಟಿಸಿದ ಟೇಪನ್ನು ಹಾರಿಕಾ ತನ್ನ ಉಗುರಿನಿಂದ ತಾನೇ ಹರಿದಳು. ಗುಂಡಿ, ಕಾಲು, ಮುಚ್ಚಳ, ತೂತು ಎಲ್ಲ ಮುಟ್ಟಿ ನೋಡಿದಳು. ಯಂತ್ರ ಮೊದಲ ಸಲ ಎಚ್ಚರಗೊಂಡು, ಯಾವ ಭಾಷೆ ಎಂದು ಕೇಳಿತು. ಅಂಗಡಿಯಲ್ಲೇ ಕೂತು ಸೆಟಪ್ ಮುಗಿಸಿದಳು. ಆ ಹೊತ್ತಿನಲ್ಲಿ ಬಂದ ಒಬ್ಬ ಗಿರಾಕಿ ಅವಳನ್ನೇ ಅಂಗಡಿಯವಳು ಎಂದುಕೊಂಡು ಮೌಸಿನ ಬೆಲೆ ಕೇಳಿದ. ಅವಳಿಗೆ ನಗು ಬಂತು, ಆದರೆ ನಗಲಿಲ್ಲ. ಆದೆಪ್ಪ ಸ್ಕ್ರೀನು ನೋಡಿ, "ಚೊಕ್ಕ ಐತಮ್ಮಾ, ಒಂದು ಚುಕ್ಕಿನೂ ಇಲ್ಲ," ಎಂದು ಹೇಳಿ ಮೇಲೆ ಹೋದ.

ಹೊರಡುವಾಗ ವಾಗೀಶ, "ಇಷ್ಟಕ್ಕ ಇಷ್ಟು ದೊಡ್ಡದು ಮಾಡಬಾರದಿತ್ತು. ಮೆಲ್ಲಕ ಹೇಳಿದ್ರ ಬದಲಿ ಕೊಡ್ತಿದ್ನಿ," ಅಂದ. ಉತ್ತರ ಕೊಟ್ಟವಳು ಉಚ್ಚಮ್ಮ. ಅದನ್ನು ಇಲ್ಲಿ ಬರೆಯಲಾಗದು.

ಬಸ್ಸಿನಲ್ಲಿ ತಾಯಿ ತಮ್ಮನ ಪರವಾಗಿ ಒಂದೆರಡು ಮಾತು ಆಡಿ ನೋಡಿದಳು. ಬಡತನದಲ್ಲಿ ಬೆಳೆದವನು, ವಾಚಿನ ಆಸೆ, ನಿನ್ನನ್ನು ಎತ್ತಿ ಆಡಿಸಿದವನು. ಹಾರಿಕಾ ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತಿದ್ದಳು. "ಎತ್ತಿ ಆಡಿಸಿದ್ದಕ್ಕೇ ಇಷ್ಟು ನೋವು, ಅವ್ವಾ. ವಾಗೀಶ ನನಗ ಯಾರು?" ಅಂದಳು.

ಲಕ್ಷ್ಮಿಕಾಂತ್ ಬಹಳ ದಿನ ಊರ ಕಡೆ ಬರಲಿಲ್ಲ. ಒಂದು ಭಾನುವಾರ ಬಂದ. ಹಾರಿಕಾ ಪಡಸಾಲೆಯಲ್ಲಿ ಕೂತು ಏಳನೇ ತರಗತಿಯ ಪಾಠಕ್ಕೆ ಯೋಜನೆ ಬರೆಯುತ್ತಿದ್ದಳು. ಅವನ ಹೆಜ್ಜೆ ಗುರುತು ಹಿಡಿದರೂ ಟೈಪ್ ಮಾಡುವುದು ನಿಲ್ಲಿಸಲಿಲ್ಲ. ಅವನು ಹೊಸ್ತಿಲ ಹತ್ತಿರ ಕೂತ.

"ಸಿಟ್ಟೈತಾ?"

"ಐತಿ."

"ತಪ್ಪಾತು ಹಾರಿಕಾ. ನಿನಗ ಏನೂ ನಷ್ಟ ಇಲ್ಲಲ್ಲ ಅಂದ್ಕೊಂಡೆ. ಗೆರಿ ಇದ್ರೂ, ಇಲ್ಲದಿದ್ರೂ ನಿನಗ ಗೊತ್ತಾಗೋದಿಲ್ಲ ಅಂದ್ಕೊಂಡೆ."

"ಅದಕ್ಕೇ ಸಿಟ್ಟು," ಅಂದಳು ಹಾರಿಕಾ. "ವಾಚಿಗಲ್ಲ. ವಾಚು ಬೇಕಿದ್ರ ಕೇಳಿದ್ರ ನಾನೇ ಕೊಡಿಸ್ತಿದ್ನಿ. ನನಗ ಗೊತ್ತಾಗೋದಿಲ್ಲ ಅಂತ ನೀನು ಅಂದ್ಕೊಂಡಿದ್ದಕ್ಕ ಸಿಟ್ಟು. ಬ್ಯಾರೆದವರು ಅಂದ್ಕೋತಾರ, ಅವರ ಜೊತಿ ದಿನಾ ಜಗಳ ಆಡ್ತೀನಿ. ನಿನ್ನ ಜೊತಿನೂ ಆಡಬೇಕಂದ್ರ ನಾ ಎಲ್ಲಿ ಕೂತು ದಣಿವು ಆರಿಸ್ಕೊಳ್ಳಲಿ, ಹೇಳು."

ಉಚ್ಚಮ್ಮ ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ ತಂದು ನಡುವೆ ಇಟ್ಟಳು. ಯಾರೂ ಕೈ ಹಾಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು, "ಬುಧವಾರ ಕಾಲೇಜಿಗೆ ಗಾಡಿ ಮ್ಯಾಲ ಬಿಡ್ಲೇನು?" ಎಂದು ಕೇಳಿದ.

"ಬ್ಯಾಡ. ಬಸ್ಸಿಗೆ ಹೋಗ್ತೀನಿ."

ಅವನು ಎದ್ದ. ಅಂಗಳ ದಾಟುವಾಗ ಚಪ್ಪಲಿ ಮೆಟ್ಟುವುದು ತಡವಾಯಿತು. ಅವಳು ಕರೆಯುತ್ತಾಳೇನೋ ಎಂದು ಕಾದಂತಿತ್ತು. ಹಾರಿಕಾ ಕರೆಯಲಿಲ್ಲ. ಮುಂದೆ ಯಾವತ್ತಾದರೂ ಕರೆದಾಳು. ಆ ದಿನ ಮಾತ್ರ ಅವಳಿಗೆ ಮನಸ್ಸಿರಲಿಲ್ಲ, ಇದೆ ಎಂದು ನಟಿಸಲೂ ಇಲ್ಲ. ಗಾಡಿಯ ಸದ್ದು ಊರ ಬಾವಿಯ ಆಚೆ ಕರಗುವ ತನಕ ಕಿವಿಗೊಟ್ಟಿದ್ದು, ಮತ್ತೆ ಬೆರಳು ಊರಿ, ಪಾಠದ ಮುಂದಿನ ಸಾಲು ಬರೆಯತೊಡಗಿದಳು.